ಸೌದೆ ಕೋಣೆಯ ಕೂಸು

ನಮ್ಮೂರಿನಲ್ಲಿ ಸಿಟ್ಟು ನುಂಗಿದವರು ಬಸಿರಾಗುತ್ತಾರೆ. ಹೆಂಗಸರೇ ಆಗಬೇಕೆಂದಿಲ್ಲ. ಗಂಡಸರೂ ಆಗುತ್ತಾರೆ, ಮುದುಕರೂ ಆಗುತ್ತಾರೆ, ಒಮ್ಮೆ ನಮ್ಮ ಹೈಸ್ಕೂಲಿನ ಹೆಡ್‌ಮಾಸ್ತರು ಪ್ರಾರ್ಥನೆಯ ಹೊತ್ತಿಗೇ ಹೆತ್ತುಬಿಟ್ಟಿದ್ದರು. ಹೊಟ್ಟೆಯಲ್ಲೇ ಬೆಳೆಯಬೇಕೆಂದೂ ಇಲ್ಲ. ಆಡದೆ ಉಳಿದ ಮಾತು ಮೈಯಲ್ಲಿ ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಗಂಟಾಗಿ ಕೂರುತ್ತದೆ. ಕೊರಳ ಪಕ್ಕ, ಕಂಕುಳು, ಬೆನ್ನು, ಮೊಣಕಾಲ ಹಿಂಭಾಗ. ಮೊದಲು ನೆಲ್ಲಿಕಾಯಿಯಷ್ಟು, ಆಮೇಲೆ ಕಿತ್ತಳೆಯಷ್ಟು, ಇನ್ನೂ ಬಾಯಿ ಮುಚ್ಚಿಕೊಂಡೇ ಇದ್ದರೆ ತೆಂಗಿನಕಾಯಿಯಷ್ಟು. ಹಣ್ಣಾದ ದಿನ ಚರ್ಮ ಸೀಳಿಕೊಂಡು ಕೂಸು ಹೊರಗೆ ಬರುತ್ತದೆ. ಬಿಗಿಯಾದ ಬಳೆ ತೆಗೆದಷ್ಟೇ ನೋವು ಅನ್ನುತ್ತಾರೆ ಹೆತ್ತವರು. ನೆನೆಸಿದ ಹೆಸರುಕಾಳಿನ ಸಿಪ್ಪೆಯ ಬಣ್ಣ, ಹೊಕ್ಕುಳಿಲ್ಲ, ಕಣ್ಣಲ್ಲಿ ಬಿಳುಪಿಲ್ಲ, ಹುಟ್ಟುವಾಗಲೇ ಬಾಯಿ ತುಂಬ ಹಲ್ಲು. ಅದನ್ನು ನಾವು ಮುನಿಗೂಸು ಎಂದು ಕರೆಯುತ್ತೇವೆ.

ಮುನಿಗೂಸು ಹುಟ್ಟಿದ್ದೇ ತಡ, ಯಾರ ಮೇಲಿನ ಸಿಟ್ಟೋ ಅವರನ್ನು ಹುಡುಕಿಕೊಂಡು ಓಡುತ್ತದೆ. ಹೆತ್ತವರು ಏನು ಮಾಡಬೇಕೆಂದುಕೊಂಡು ಮಾಡದೆ ಬಿಟ್ಟಿದ್ದರೋ ಅದನ್ನು ಮಾಡಿ ಮುಗಿಸಿ, ಬಾಡಿದ ವೀಳ್ಯದೆಲೆಯ ಹಾಗೆ ಮುದುಡಿ ಅಲ್ಲೇ ಉದುರುತ್ತದೆ. ಅಲ್ಲಿಗೆ ಲೆಕ್ಕ ಚುಕ್ತಾ. ಊರು ಇದಕ್ಕೆಲ್ಲ ಎಂದೋ ಹೊಂದಿಕೊಂಡಿದೆ. ಬಸ್ಸಿನಲ್ಲಿ ಗಂಟು ಹಣ್ಣಾದವರಿಗೆ ಬಾಗಿಲ ಪಕ್ಕದ ಸೀಟು, ಕೂಸಿಗೆ ಇಳಿಯಲು ಅನುಕೂಲವಾಗಲೆಂದು. ದರ್ಜಿಗಳು ಕೇಳದೆಯೇ ರವಿಕೆಯ ಬಗಲಲ್ಲಿ ನಾಲ್ಕು ಬೆರಳು ಬಟ್ಟೆ ಹೆಚ್ಚಿಗೆ ಬಿಡುತ್ತಾರೆ. ಯಾರದೋ ಮೈಮೇಲೆ ಗಂಟು ಕಂಡು "ಯಾರ ಮೇಲಿಂದು?" ಎಂದು ಕೇಳುವುದು ಮಹಾ ಅಸಭ್ಯತನ. ಬಾಗಿಲಿಗೆ ಮುನಿಗೂಸು ಬಂದರೆ ಹೊಡೆಯಬಾರದು, ಓಡಬಾರದು. ಕೈಗೆ ಒಂದು ಹಿಡಿ ಪುರಿ, ಒಂದು ಚೂರು ಬೆಲ್ಲ ಕೊಟ್ಟು, ಅದು ತಿಂದು ಮುಗಿಸುವ ತನಕ ಕಾದು, ಆಮೇಲೆ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು ಬಂದದ್ದನ್ನು ಪಡೆಯಬೇಕು. ಬಹಳಷ್ಟು ಸಲ ಬರುವುದು ಒಂದು ಕಡಿತ, ಎರಡು ಒದೆ, ಒಡೆದ ಗಡಿಗೆ. ನಮ್ಮ ಅಪ್ಪನ ಮುನಿಗೂಸುಗಳಂತೂ ಹೆಬ್ಬೆರಳಿನಷ್ಟಿರುತ್ತಿದ್ದವು. ಆಗಾಗ ಕಿವಿಯ ಹಿಂದಿನಿಂದ ಉದುರಿ, ಐಸ್ ಫ್ಯಾಕ್ಟರಿಗೆ ಓಡಿ, ಮ್ಯಾನೇಜರರ ಚಪ್ಪಲಿಯಲ್ಲಿ ಉಚ್ಚೆ ಹೊಯ್ದು ಕೃತಾರ್ಥವಾಗುತ್ತಿದ್ದವು.

ಹಾಗೆಂದು ಎಲ್ಲವೂ ಹುಡುಗಾಟವಲ್ಲ. ಕೆಳಗಿನ ಪೇಟೆಯ ಅಣ್ಣನೊಬ್ಬನ ಬೆನ್ನಲ್ಲಿ ಹುಟ್ಟಿದ್ದು ತಮ್ಮನನ್ನು ಬಾವಿಗೆ ನೂಕಿತ್ತು. ಈಜು ಬರುತ್ತಿದ್ದುದರಿಂದ ಅವನು ಉಳಿದ. ಅದಕ್ಕೇ ನಮ್ಮೂರಿನ ದೊಡ್ಡವರು ಮಕ್ಕಳಿಗೆ ಹೇಳುವ ಬುದ್ಧಿಮಾತೆಂದರೆ, ಬೈಯುವುದಿದ್ದರೆ ಆಗಾಗ್ಗೆ ಬೈದುಬಿಡಿ. ನಮ್ಮ ಬೀದಿಯ ಬೆಳಗು ಶುರುವಾಗುವುದೇ ಒಂದು ಸುತ್ತು ಆರೋಗ್ಯಕರವಾದ ಬೈಗುಳದಿಂದ.

ಬೈಯದವಳೆಂದರೆ ನನ್ನ ಅಮ್ಮ ಒಬ್ಬಳೇ. ಅವಳ ಹೆಸರು ಸತ್ಯಭಾಮೆ. ಅವಳ ಮೈಮೇಲೆ ಯಾರೂ ಒಂದು ಗಂಟು ಕಂಡವರಿಲ್ಲ. ಪಕ್ಕದ ಮನೆಯ ತಾಯಕ್ಕ ಅಮ್ಮನನ್ನು ತೋರಿಸಿ ತನ್ನ ಸೊಸೆಯರಿಗೆ, "ನೋಡಿ ಕಲೀರೇ, ಭಾಮಂದು ಬೆಣ್ಣೆಯಂಥ ಮೈ. ನಿಮ್ಮವು ಹಲಸಿನ ಹಣ್ಣು!" ಎಂದು ಕೂಗುತ್ತಿದ್ದಳು. ಅಮ್ಮನಿಗಿದ್ದ ಊನ ಒಂದೇ, ಎಡಗೈ ಸಣಕಲು. ನಾನು ಚಿಕ್ಕವಳಿದ್ದಾಗ ಬಲಗೈಗಿಂತ ತುಸು ತೆಳ್ಳಗಿದ್ದದ್ದು ಬರಬರುತ್ತಾ ನುಗ್ಗೆಕಾಯಿಯ ಹಾಗಾಗಿತ್ತು. ಬಚ್ಚಲಲ್ಲಿ ಬಿದ್ದಿದ್ದೆ ಅನ್ನುತ್ತಿದ್ದಳು. ಯಾವ ವೈದ್ಯರ ಎಣ್ಣೆಯೂ ಹತ್ತಲಿಲ್ಲ.

ಅಮ್ಮ ನನ್ನನ್ನು ಒಂದು ದಿನವೂ ಗದರಿದವಳಲ್ಲ. ಶಾಲೆಯ ನಾಟಕಕ್ಕೆಂದು ಅವಳ ಧಾರೆ ಸೀರೆಯನ್ನು ಕತ್ತರಿಸಿ ನಾನು ಮಂತ್ರಿಯ ಅಂಗವಸ್ತ್ರ ಮಾಡಿಕೊಂಡಾಗಲೂ, ಬಲಗೈಯಿಂದ ನನ್ನ ಕೆನ್ನೆ ಸವರಿ, "ಚೆನ್ನಾಗಿ ಒಪ್ಪುತ್ತೆ ವೈಜೂ" ಅಂದಳು. ನನ್ನ ಗೆಳತಿಯರ ತೋಳಿನ ಮೇಲೆ ಅವರವರ ಅಮ್ಮಂದಿರ ಮುನಿಗೂಸುಗಳ ಹಲ್ಲಿನ ಗುರುತುಗಳು ಇರುತ್ತಿದ್ದವು. ಇದು ಪರೀಕ್ಷೆಯಲ್ಲಿ ಫೇಲಾಗಿದ್ದಕ್ಕೆ, ಇದು ಓಲೆ ಕಳೆದಿದ್ದಕ್ಕೆ ಎಂದು ಪದಕ ತೋರಿಸಿದಂತೆ ತೋರಿಸುತ್ತಿದ್ದರು. ನನ್ನ ಮೈ ಒರೆಸಿದ ಸ್ಲೇಟು. ಹೇಳಬಾರದು, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಹೀಗಿರುವಾಗ ನಮ್ಮ ಚಂದ್ರಿಕಾ ಟಾಕೀಸಿಗೆ 'ಒಂಬತ್ತನೇ ತೊಟ್ಟಿಲು' ಎಂಬ ಸಿನಿಮಾ ಬಂತು. ಹೊರಗಿನ ಊರುಗಳಲ್ಲಿ ಅದನ್ನು ಒಂದಷ್ಟು ಮಂದಿ ಹುಚ್ಚು ಹಿಡಿದವರ ಹಾಗೆ ಮತ್ತೆ ಮತ್ತೆ ನೋಡುತ್ತಿದ್ದರಂತೆ, ಉಳಿದವರು ಅರ್ಧಕ್ಕೇ ಎದ್ದು ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದರಂತೆ. ಪೋಸ್ಟರಿನ ಮೇಲೆ ಕೆಂಪಕ್ಷರದಲ್ಲಿ 'ಗರ್ಭಿಣಿಯರಿಗೆ ಪ್ರವೇಶವಿಲ್ಲ' ಎಂದಿತ್ತು. ನಮ್ಮೂರಲ್ಲಿ ಯಾವ ದಿನ ನೋಡಿದರೂ ಅರ್ಧ ಊರು ಬಸಿರೇ. ಮೊದಲ ಆಟಕ್ಕೆ ಜನವೇ ಬರಲಿಲ್ಲ. ಟಾಕೀಸಿನವರು ತಲೆ ಕೆರೆದುಕೊಂಡು, ಅದರ ಮೇಲೆ ಬಿಳಿ ಕಾಗದ ಅಂಟಿಸಿ 'ಸಕುಟುಂಬ ಸಪರಿವಾರ ನೋಡಿ ಆನಂದಿಸಿ' ಎಂದು ಬರೆಸಿದರು. ಅಷ್ಟೇ, ಟಿಕೆಟ್ಟು ಸಿಗದಂತಾಯಿತು.

ಕಥೆ ಏನೆಂದರೆ ಒಬ್ಬ ತಾಯಿ. ಗಂಡ, ಅತ್ತೆ, ಡಾಕ್ಟರು ಯಾರೇ ಏನೇ ಅಂದರೂ ನಗುತ್ತಾಳೆ. ಅವಳ ಮೈಯಿಂದ ಬೂದಿ ಬಣ್ಣದ ಮಕ್ಕಳು ಹುಟ್ಟಿ ಒಬ್ಬೊಬ್ಬರನ್ನೇ ಕೊಲ್ಲುತ್ತವೆ. ಪರದೆಯ ಮೇಲೆ ರಕ್ತ, ಟಾಕೀಸಿನಲ್ಲಿ ಲೊಚಗುಟ್ಟುವ ಸದ್ದು. "ಅಯ್ಯೋ, ಚಳೀಲಿ ಅದಕ್ಕೊಂದು ಚಡ್ಡಿನಾದ್ರೂ ಹಾಕ್ಬಾರ್ದಾ!" ಎಂದು ತಾಯಕ್ಕ ನನ್ನ ಹಿಂದಿನ ಸಾಲಿನಿಂದ ಗೋಳಾಡಿದಳು. ಕೂಸು ಅತ್ತೆಯ ಮಂಚದ ಕೆಳಗಿನಿಂದ ತೆವಳಿಕೊಂಡು ಬಂದಾಗ ಇಡೀ ಬಾಲ್ಕನಿ ಒಂದೇ ಸ್ವರದಲ್ಲಿ, "ಪುರಿ ಕೊಡೇ ತಾಯಿ, ಮೊದ್ಲು ಪುರಿ ಕೊಡು!" ಎಂದು ಕೂಗಿತು. ಅತ್ತೆ ಕೊಡಲಿಲ್ಲ, ಸತ್ತಳು. "ಅನುಭವಿಸ್ಲಿ ಬಿಡು, ಮನೆಗೆ ಬಂದ ಮಗೂನ ಕಂಡು ಹಂಗಾ ಕಿರುಚೋದು?" ಎಂದು ಯಾರೋ ತೀರ್ಪು ಕೊಟ್ಟರು.

ಕೊನೆಗೆ ಆ ತಾಯಿ ಒಂದು ಕೂಸನ್ನು ಮಾತ್ರ ಯಾರ ಹತ್ತಿರವೂ ಹೋಗಬಿಡದೆ ಅಟ್ಟದಲ್ಲಿ ಕೂಡಿಹಾಕುತ್ತಾಳೆ. ದಿನವೂ ಏಣಿ ಹತ್ತಿ, ಬಾಗಿಲು ತೆರೆಯದೆ, ಸಂದಿಯಿಂದ ಊಟದ ತಟ್ಟೆ ತಳ್ಳಿ ಇಳಿಯುತ್ತಾಳೆ. ಆ ಜಾಗದಲ್ಲಿ ಟಾಕೀಸು ಮೊದಲ ಸಲ ಗಪ್ಪಾಯಿತು. ನಮ್ಮೂರಿನಲ್ಲಿ ಎಂಥ ಕಟುಕನೂ ಮಾಡದ ಕೆಲಸ ಅದು. ತಡೆದಿಟ್ಟರೆ ಮುನಿಗೂಸು ಹೆತ್ತವರನ್ನೇ ತಿನ್ನುತ್ತದೆ ಎಂದು ಅಂಬೆಗಾಲಿಡುವ ಮಗುವಿಗೂ ಇಲ್ಲಿ ಗೊತ್ತು. ನನ್ನ ಪಕ್ಕದಲ್ಲಿದ್ದ ಅಮ್ಮ ಸಟ್ಟನೆ ಎದ್ದಳು.

"ಎಲ್ಲಿಗಮ್ಮಾ?"

"ಹಾಲು ಒಲೆ ಮೇಲಿಟ್ಟು ಬಂದಿದೀನಿ ಕಣೇ."

ಹಾಲನ್ನು ನಾನೇ ಇಳಿಸಿ, ಮುಚ್ಚಿಟ್ಟು ಬಂದಿದ್ದೆ. ಹೇಳುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಬೇರೆಲ್ಲೂ ಓಡದ ಸಿನಿಮಾ ಇಲ್ಲಿ ಮನೆಮಂದಿಯೆಲ್ಲ ಕಡಲೆಕಾಯಿ ತಿಂದುಕೊಂಡು ನೋಡುತ್ತಿದ್ದಾರೆಂದು ಕೇಳಿ ಅದರ ಡೈರೆಕ್ಟರೇ ಬಂದಿದ್ದರು. ಮಧುಕೇಶ್ವರ ಎಂದು ಹೆಸರು. ಒಣಕಲು ಮನುಷ್ಯ, ದಪ್ಪ ಕನ್ನಡಕ. ಹಲವಾರು ದಿನದಿಂದ ಲಾಡ್ಜಿನಲ್ಲಿ ಉಳಿದು ನಮ್ಮ ನೀರು ಕುಡಿದಿದ್ದರಿಂದ ಕೊರಳ ಪಕ್ಕದಲ್ಲಿ ಕಿತ್ತಳೆಯಷ್ಟು ಗಂಟೂ ಬೆಳೆದಿತ್ತು. ಮಫ್ಲರು ಸುತ್ತಿಕೊಂಡಿದ್ದರು. ಆಟ ಮುಗಿದ ಮೇಲೆ ಪರದೆಯ ಮುಂದೆ ನಿಂತು, ಮೈಕು ಕುಟ್ಟಿ, "ನೀವ್ಯಾರೂ ಹೆದರಲೇ ಇಲ್ಲವಲ್ಲ" ಎಂದರು. ಪಾಪ, ಬೇಜಾರಾದಂತಿತ್ತು.

"ಹೆದರೋದೇನಪ್ಪ, ನಮ್ಮನೆ ಕಥೆ ಇದ್ದಂಗೇ ಇದೆ" ಎಂದಳು ತಾಯಕ್ಕ.

"ನಮ್ಮ ಮನೆಯದೇ ಕಥೆ ಅಮ್ಮಾ" ಎಂದರು ಅವರು. "ಎಲ್ಲರೂ ರಕ್ತ ನೋಡ್ತಾರೆ, ಮೇಕಪ್ಪು ಯಾರು ಮಾಡಿದ್ದು ಅಂತ ಕೇಳ್ತಾರೆ. ಆ ತಾಯಿ ನನ್ನ ತಾಯೀನೇ. ಅವರು ಒಂದು ಸಲವೂ ನನ್ನನ್ನು ಬೈದವರಲ್ಲ. ನಗ್ತಾನೇ ಇದ್ದರು. ನನಗೆ ಅವರನ್ನ ಕಂಡರೆ ಭಯ ಇತ್ತು. ಬೈಯದೇ ಇರೋದೆಲ್ಲ ಎಲ್ಲಿ ಹೋಗ್ತಿದೆ ಅಂತ ಭಯ."

ತಾಯಕ್ಕ ಊರಿನ ಮರ್ಯಾದೆಯನ್ನೆಲ್ಲ ಮುರಿದು ಕೇಳಿಯೇಬಿಟ್ಟಳು, "ಕೊರಳಲ್ಲಿರೋದು ಅವರ ಮೇಲಿಂದೇನಪ್ಪಾ?"

ಅವರು ಮಫ್ಲರು ಮುಟ್ಟಿಕೊಂಡರು. "ಹೌದು. ಆದರೆ ಅವರು ಹೋಗಿಬಿಟ್ಟರು. ಇದು ಹುಟ್ಟಿದ ಮೇಲೆ ಎಲ್ಲಿಗೆ ಹೋಗುತ್ತಮ್ಮಾ?"

"ತಡ ಮಾಡಿಬಿಟ್ಟೆ ಮಗನೇ" ಎಂದಳು ತಾಯಕ್ಕ, ಮೆಲ್ಲಗೆ. ಬಳಿಕ ಅವಳೇ ಹೋಗಿ ತನ್ನ ಪೊಟ್ಟಣದ ಕಡಲೆಕಾಯನ್ನು ಅವರ ಕೈಗೆ ಸುರಿದಳು.

ನಾನು ಮನೆಗೆ ನಡೆದು ಬರಲಿಲ್ಲ, ಓಡಿ ಬಂದೆ. ನಮ್ಮ ಹಿತ್ತಲಲ್ಲಿ ಬಚ್ಚಲಿಗೆ ಅಂಟಿಕೊಂಡು ಒಂದು ಸೌದೆ ಕೋಣೆಯಿದೆ. ಮನೆಗೆ ಗ್ಯಾಸು ಬಂದು ನನ್ನ ವಯಸ್ಸಾಯಿತು. ಸೌದೆಯೇ ಇಲ್ಲದ ಕೋಣೆಗೆ ಬೀಗ ಯಾಕೆ ಎಂದರೆ, ಅಮ್ಮ, "ಹಾವಿದೆ" ಅನ್ನುತ್ತಿದ್ದಳು. ಸಂಜೆ ಅದರ ಬಾಗಿಲ ಸಂದಿಯಲ್ಲಿ ಮೊಸರನ್ನ ಇಡುವುದು ಯಾಕೆ ಎಂದರೆ, "ಬೆಕ್ಕಿಗೆ". ಹಾವಿರುವ ಕೋಣೆಗೆ ಬೆಕ್ಕು ಯಾಕೆ ಹೋಗುತ್ತದೆ ಎಂದು ಕೇಳುವಷ್ಟು ಬುದ್ಧಿ ನನಗೆ ಅಲ್ಲಿಯ ತನಕ ಬಂದಿರಲಿಲ್ಲ.

ಅಮ್ಮ ಆ ಬಾಗಿಲಿಗೆ ಬೆನ್ನು ಕೊಟ್ಟು ಅಳುತ್ತ ಕೂತಿದ್ದಳು. ತಟ್ಟೆ ಪಕ್ಕದಲ್ಲಿತ್ತು. ಸಂದಿಯ ಒಳಗಿನಿಂದ ಯಾರೋ ಬೆರಳು ನೆಕ್ಕುತ್ತಿರುವ ಸದ್ದು.

"ಯಾರ ಮೇಲಿಂದಮ್ಮಾ ಅದು?" ಎಂದೆ.

"ಬೆಕ್ಕು ಕಣೇ."

"ಅಮ್ಮಾ."

ಅಷ್ಟರಲ್ಲಿ ಅಪ್ಪ ಲುಂಗಿ ಎತ್ತಿಕಟ್ಟಿಕೊಂಡು ಹಿತ್ತಲಿಗೆ ಬಂದರು. "ನಿಮಗೆ ಗೊತ್ತಿತ್ತಾ ಅಪ್ಪಾ?" ಎಂದು ಅವರ ಮೇಲೆ ತಿರುಗಿದೆ. ಅವರು ನನ್ನ ಮುಖ, ಅಮ್ಮನ ಮುಖ, ಆ ಬಾಗಿಲು ಎಲ್ಲವನ್ನೂ ನೋಡಿ, ನಿಧಾನಕ್ಕೆ ಅರ್ಥವಾಗಿ, ಬಾವಿಕಟ್ಟೆಯ ಮೇಲೆ ಕುಸಿದು ಕೂತರು. "ನಾನು ನಿಜವಾಗ್ಲೂ ಬೆಕ್ಕು ಅಂದ್ಕೊಂಡಿದ್ದೆ ಕಣಮ್ಮ. ಎಂಥ ಆಯಸ್ಸಪ್ಪಾ ಈ ಬೆಕ್ಕಿಗೆ ಅಂತಿದ್ದೆ."

ಅಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. ನಕ್ಕಿದ್ದೇ ತಪ್ಪಾಯಿತೇನೋ, ಎಲ್ಲ ಹೊರಗೆ ಬಂತು.

"ನಿಂದು ಕಣೇ ಅದು. ನಿನ್ನ ಮೇಲಿಂದು. ನೀನಿನ್ನೂ ಕತ್ತು ನಿಲ್ಲದ ಕೂಸು. ಹುಟ್ಟಿದಾಗಿಂದ ಒಂದೇ ಸಮ ಅಳು. ಇವರದು ರಾತ್ರಿ ಪಾಳಿ. ನನ್ನಮ್ಮ ದೂರ. ಎದೆಗೆ ಹಾಕ್ಕೊಂಡ್ರೂ ಅಳು, ಕೆಳಗೆ ಮಲಗ್ಸಿದ್ರೂ ಅಳು. ಜನ ಬಂದು, 'ಅದೃಷ್ಟವಂತೆ ನೀನು, ಲಕ್ಷ್ಮಿ ಹುಟ್ಟಿದಾಳೆ' ಅಂತಿದ್ರು. ನಗ್ತಿದ್ದೆ. ಒಂದಿನ ನಿನ್ನ ಬಾಯಿ ಹತ್ರ ನನ್ನ ಎಡಗೈ ತಾನಾಗೇ ಹೋಗಿತ್ತು ವೈಜೂ. ಮುಚ್ಚಿಬಿಡೋಣ ಅನ್ನಿಸ್ತು. ಮುಚ್ಚಿ ಹಿಡ್ಕೊಂಡ್ಬಿಡೋಣ. ಕೈ ಹಿಂದಕ್ಕೆ ತಗೊಂಡೆ. ಆದ್ರೆ ಅನ್ನಿಸಿದ್ದು ಅನ್ನಿಸ್ತಲ್ಲ. ಕಂಕುಳಲ್ಲಿ ಕೂತ್ಕೊಂಡು ಹಣ್ಣಾಯ್ತು. ಹುಟ್ಟಿದ ಕ್ಷಣವೇ ತೊಟ್ಟಿಲ ಕಡೆಗೆ ಓಡ್ತು. ಕಾಲು ಹಿಡಿದು ಎಳ್ಕೊಂಡು ಬಂದು ಇದರೊಳಗೆ ಎಸೆದು ಚಿಲಕ ಹಾಕ್ದೆ. ಅವತ್ತಿಂದ ಈ ಬಾಗಿಲು ತೆಗೆದಿಲ್ಲ. ಅದರ ಮುಖ ನೋಡಿಲ್ಲ."

ಅಪ್ಪ ಮೂಗು ಒರೆಸಿಕೊಂಡರು. ನಾನು ಅಮ್ಮನ ಎಡಗೈ ನೋಡಿದೆ. ತೋಳಿನ ಮೂಳೆಯ ಮೇಲೆ ಚರ್ಮ ಒದ್ದೆ ಬಟ್ಟೆಯ ಹಾಗೆ ಅಂಟಿಕೊಂಡಿತ್ತು. ಬೆರಳುಗಳು ಬಾಗುತ್ತಿರಲಿಲ್ಲ. ತಡೆದಿಟ್ಟದ್ದು ಇಷ್ಟು ವರ್ಷ ಮೊಸರನ್ನದ ಜೊತೆಗೆ ಈ ಕೈಯನ್ನೂ ತಿನ್ನುತ್ತ ಬಂದಿತ್ತು.

"ಬೀಗದ ಕೈ ಕೊಡು."

"ಕೊಡಲ್ಲ. ನಿಂಗೇನು ತಲೆ ಕೆಟ್ಟಿದೆಯಾ?"

"ಅದು ನಿನ್ನ ತಿಂತಿದೆಯಲ್ಲಮ್ಮಾ!"

"ತಿನ್ಲಿ. ಒಂದು ಕೈ ತಾನೆ."

"ಆಮೇಲೆ?"

"ಆಮೇಲೆ ಇನ್ನೊಂದು." ಹುಣಸೆಹಣ್ಣು ಮುಗಿದರೆ ಇನ್ನೊಂದು ಸೇರು ತಂದರಾಯಿತು ಎನ್ನುವ ದನಿ. "ಅದೀಗ ಎಷ್ಟೆತ್ತರ ಬೆಳೆದಿದೆಯೋ ಏನೋ. ನಿನ್ನ ವಯಸ್ಸೇ ಅದಕ್ಕೂ. ಬಾಯಿ ಮುಚ್ಚಿ ಹಿಡಿದ್ರೆ ಬಿಡಿಸೋರು ಯಾರು? ನಿನ್ನಪ್ಪನಾ?"

ಅಪ್ಪ ಬಾವಿಕಟ್ಟೆಯ ಮೇಲೆ ಇನ್ನಷ್ಟು ಕುಗ್ಗಿ ಕೂತರು.

ನನಗೂ ಹೆದರಿಕೆಯಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅದಕ್ಕಿಂತ ಹೆಚ್ಚಾಗಿ ಕಣ್ಣ ಮುಂದೆ ಬರುತ್ತಿದ್ದದ್ದು ಮಫ್ಲರು ಮುಟ್ಟಿಕೊಂಡು ನಿಂತ ಆ ಮನುಷ್ಯ. ನಾನು ಅಮ್ಮನ ಮುಂದೆ ಕೂತೆ. "ಅಮ್ಮಾ, ಅದು ನನಗೆ ಬಂದದ್ದು. ನನ್ನ ಹೆಸರಿಗೆ ಹುಟ್ಟಿದ್ದನ್ನ ನೀನು ಇಷ್ಟು ದಿನ ತಡೆದಿಟ್ಕೊಂಡಿದೀಯ. ಬೀದೀಲಿರೋ ಎಲ್ಲ ಹುಡುಗೀರಿಗೂ ಅವರಮ್ಮನ ಸಿಟ್ಟು ಸಿಕ್ಕಿದೆ. ನನಗೆ ಮಾತ್ರ ಇಲ್ಲ. ನಂದು ನನಗೆ ಕೊಡು."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಅಂದಳು, "ಬೆಳಕಿರುವಾಗ ತೆಗೆಯೋಣ. ನಾಳೆ."

ಮರುದಿನ ಭಾನುವಾರ, ಬಿಸಿಲು ಚುರುಗುಟ್ಟುವ ಹೊತ್ತಿಗೆ ನಮ್ಮ ಹಿತ್ತಲಲ್ಲಿ ಸಣ್ಣ ಸಮಾರಂಭವೇ ನಡೆದಂತಿತ್ತು. ತಾಯಕ್ಕನಿಗೆ ಅದು ಹೇಗೋ ಗೊತ್ತಾಗಿ, ದೊಡ್ಡ ಮೊರದಲ್ಲಿ ಪುರಿ ತುಂಬಿಸಿಕೊಂಡು ಬಂದಳು. "ಇಷ್ಟು ವರ್ಷದ ಹಸಿವು, ಒಂದು ಹಿಡೀಲಿ ಆಗುತ್ತೇನೇ?" ಅಪ್ಪ ತಮ್ಮ ಸ್ಕೂಟರಿನ ಹೆಲ್ಮೆಟ್ಟು ತಂದು ನನ್ನ ತಲೆಗೆ ತೊಡಿಸಿದರು.

"ಅದು ಬಾಯಿ ಮುಚ್ಚೋದು ಕಣೋ ಶ್ರೀಪಾದಾ, ತಲೆ ಒಡೆಯೋದಲ್ಲ" ಎಂದಳು ತಾಯಕ್ಕ.

"ಇರ್ಲಿ ಅಕ್ಕಾ, ನನ್ನ ಸಮಾಧಾನಕ್ಕೆ."

ಸೌದೆ ಕೋಣೆಯ ಬೀಗದ ಕೈಯನ್ನು ಅಮ್ಮ ತಾಳಿಸರದಲ್ಲಿ ಪಿನ್ನುಗಳ ಜೊತೆ ಸಿಕ್ಕಿಸಿಕೊಂಡಿದ್ದಳು. ತುಕ್ಕು ಹಿಡಿದ ಬೀಗ ಒಂದೇ ಕೈಗೆ ಬಗ್ಗಲಿಲ್ಲ. ನಾನು ಬೀಗ ಹಿಡಿದೆ, ಅವಳು ತಿರುಗಿಸಿದಳು. ಬಾಗಿಲು ಸರಿಯುತ್ತಿದ್ದಂತೆ ಗೋಡೆಗೆ ಮುಖ ಹಾಕಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ನಾನು ಚಕ್ಕಂಬಕ್ಕಲ ಹಾಕಿ ಕೂತೆ.

ಮೊದಲು ಯಾರೂ ಬರಲಿಲ್ಲ. ನಾನು ಬಾಗಿಲಿನ ಮೇಲ್ಭಾಗವನ್ನು ನೋಡುತ್ತಿದ್ದೆ, ನನ್ನೆತ್ತರದ ಏನೋ ಬಗ್ಗಿ ಬರುತ್ತದೆಂದು. ಆಮೇಲೆ ಹೊಸ್ತಿಲ ಹತ್ತಿರ ಏನೋ ಅಲುಗಿದ್ದು ಕಂಡು ಕಣ್ಣು ಕೆಳಗಿಳಿಸಿದೆ. ಹೊಸ್ತಿಲನ್ನು ದಾಟಲಾರದೆ, ಹೊಟ್ಟೆ ಊರಿ, ಒಂದು ಕಾಲನ್ನು ಆಚೆ ಹಾಕಲು ಒದ್ದಾಡುತ್ತಿತ್ತು. ಪುಟ್ಟ ಬೆಕ್ಕಿನಷ್ಟು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ತಾಯಕ್ಕನ ಮೊರದ ಹತ್ತಿರ ಕೂತು ಪುರಿ ತಿನ್ನತೊಡಗಿತು. ಒಂದೊಂದೇ ಕಾಳು. ಎತ್ತಿ, ತಿರುಗಿಸಿ ನೋಡಿ, ಬಾಯಿಗೆ. ನಾವೆಲ್ಲ ಉಸಿರು ಬಿಗಿಹಿಡಿದು ಕಾದೆವು. ಅಪ್ಪನಿಗೆ ಆಕಳಿಕೆ ಬಂತು.

ಕೊನೆಗೆ ಅದು ಬೆಲ್ಲದ ಚೂರನ್ನು ದವಡೆಗೆ ಒತ್ತಿಕೊಂಡು ನನ್ನ ಕಡೆ ತಿರುಗಿತು. ಮಂಡಿ ಹಿಡಿದು ಮಡಿಲಿಗೆ ಹತ್ತಿತು. ಹಳೆಯ ಸೌದೆಯ, ಮೊಸರಿನ ವಾಸನೆ. ಹೆಲ್ಮೆಟ್ಟಿನೊಳಗೆ ಇಣುಕಿ ನನ್ನ ಮುಖ ಹುಡುಕಿತು. ಎಡಗೈ ಎತ್ತಿ ನನ್ನ ಬಾಯಿಯ ಮೇಲಿಟ್ಟು, ಮೈಯೆಲ್ಲ ಭಾರ ಹಾಕಿ, ಹಲ್ಲು ಕಚ್ಚಿ ಅದುಮಿತು.

ಆ ಅಂಗೈ ನನ್ನ ತುಟಿಯ ಅರ್ಧವನ್ನೂ ಮುಚ್ಚಲಿಲ್ಲ.

ಬಲಗೈಯನ್ನೂ ಸೇರಿಸಿತು. ಆಗಲೂ ಒಂದು ಮೂಲೆ ಉಳಿಯಿತು. ನಾನು ಆರಾಮವಾಗಿ ಉಸಿರಾಡುತ್ತಿದ್ದೆ. ಕೂಸು ಅತ್ತಿತ್ತ ಕೈ ಸರಿಸಿ ಮತ್ತೆ ಮತ್ತೆ ಅಳತೆ ನೋಡುತ್ತಿತ್ತು. ಅದಕ್ಕೆ ಹೇಳಿಕಳಿಸಿದ್ದ ಬಾಯಿ ಇಷ್ಟು ದೊಡ್ಡದಿರಲಿಲ್ಲ.

"ತೆಗೀರೀ ಅದನ್ನ, ತೆಗೀರೀ!" ಎಂದು ಅಮ್ಮ ಗೋಡೆಗೆ ಹಣೆ ಒತ್ತಿಕೊಂಡು ಕೂಗಿದಳು.

"ಅಮ್ಮಾ, ಕಣ್ಣು ಬಿಟ್ಟು ನೋಡು" ಎಂದೆ, ಆ ಕೈಗಳ ಕೆಳಗಿನಿಂದಲೇ.

ಅವಳು ತಿರುಗಿದಳು. ಒಂದು ಕಣ್ಣು ಬಿಟ್ಟಳು, ಆಮೇಲೆ ಇನ್ನೊಂದು. ನನ್ನ ಮಡಿಲಲ್ಲಿ ಕೂತದ್ದನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನೋಡಲು ಬಹಳವೇನೂ ಇರಲಿಲ್ಲ.

"ಇಷ್ಟೇನಾ?" ಎಂದಳು. "ಅಯ್ಯೋ ದೇವ್ರೇ. ಇಷ್ಟೇನಾ ಇದು?"

ಕೂಸು ಅವಳ ಕಡೆ ನೋಡಲೂ ಇಲ್ಲ. ಅದು ನನ್ನ ಕಣ್ಣನ್ನೇ ನೋಡುತ್ತಿತ್ತು, ಕಾಯುತ್ತಿರುವ ಹಾಗೆ. ಆಗ ನನಗೆ ಹೊಳೆಯಿತು, ನಾನಿನ್ನೂ ಮಾತಾಡುತ್ತಿದ್ದೇನೆ ಎಂದು. ಬಾಯಿ ಮುಚ್ಚಿದೆ. ಮುಲುಕಲೂ ಇಲ್ಲ. ತಾಯಕ್ಕ ಏನೋ ಅನ್ನಲು ಹೊರಟವಳು ಸೆರಗು ಬಾಯಿಗಿಟ್ಟುಕೊಂಡಳು. ಅಪ್ಪ ಅಲುಗಾಡಲಿಲ್ಲ. ನಮ್ಮ ಹಿತ್ತಲಲ್ಲಿ ಅಂಥ ಮೌನ ನಾನು ಹುಟ್ಟಿದಂದಿನಿಂದ ಆಗಿರಲಿಕ್ಕಿಲ್ಲ. ಕೂಸಿನ ಕೈ ಸಡಿಲವಾಯಿತು. ಒಂದು ನಿಟ್ಟುಸಿರು ಬಿಟ್ಟು, ನನ್ನ ಭುಜದ ಮೇಲೆ ತಲೆಯಿಟ್ಟು, ಹಾಗೇ ತೂಕಡಿಸಿತು. ತೂಕಡಿಸುತ್ತ ತೂಕಡಿಸುತ್ತ ಹಗುರಾಗಿ, ಅಂಚು ಮುದುಡಿ, ಒಣಗಿ, ಮಡಿಲಿಗೆ ಉದುರಿತು.

ಅಮ್ಮ ಗೋಡೆ ಹಿಡಿದುಕೊಂಡೇ ಕೆಳಗೆ ಜಾರಿದಳು. ನಾವು ಓಡಿಹೋಗಿ ನೋಡಿದರೆ, ಸೌದೆ ಕೋಣೆಯ ಹೊಸ್ತಿಲಿಗೆ ತಲೆಯಿಟ್ಟು, ಬಾಯಿ ತುಸು ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಎಡಗೈಯ ಬೆರಳುಗಳು ಒಂದೆರಡು ಸಲ ಮಡಿಚಿ ಬಿಚ್ಚಿಕೊಂಡವು. ತಾಯಕ್ಕ ಮೊರವನ್ನು ಕಂಕುಳಲ್ಲಿಟ್ಟುಕೊಂಡು ತುದಿಗಾಲಲ್ಲಿ ಹೋದಳು. ಬೀದಿಯಲ್ಲಿ ಸೊಪ್ಪಿನವಳು ಕೂಗಲು ಬಾಯಿ ತೆರೆದಾಗ ಅವಳನ್ನು ಏನೆಂದು ಗದರಿದಳೋ, ಕೂಗು ಅರ್ಧಕ್ಕೇ ನಿಂತಿತು.

ನೆರಳು ಅಮ್ಮನ ಮೇಲಿಂದ ಸರಿದು ಬಿಸಿಲು ಕಾಲಿಗೆ ಬಂತು. ನಾನು ಒಣಹಾಕಿದ್ದ ಸೀರೆಯೊಂದನ್ನು ತಂದು ಅಡ್ಡ ಕಟ್ಟಿದೆ. ಅಡುಗೆಮನೆಯ ಬಾಗಿಲಲ್ಲಿ ಅಪ್ಪ ಕಾಣಿಸಿಕೊಂಡರು. ಒಂದು ಕೈಯಲ್ಲಿ ಕಾಫಿಪುಡಿ ಡಬ್ಬಿ, ಇನ್ನೊಂದರಲ್ಲಿ ಚಮಚ. ಸಕ್ಕರೆ ಎಲ್ಲಿದೆಯೆಂದು ಕೇಳಲು ಎಂದಿನಂತೆ, "ಭಾಮಾ" ಎನ್ನಲು ಹೊರಟರು.

ನಾನು ಮೂರೇ ಹೆಜ್ಜೆಗೆ ಹಾರಿಹೋಗಿ ಅವರ ಬಾಯಿ ಮುಚ್ಚಿ ಹಿಡಿದೆ.